ಬೀಗ ಹಾಕಿದ ಮನೆಗೂ ಒಂದು ಸಾಲು

(ಹೊನ್ನಾಳಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು ಒಬ್ಬರು. ನ್ಯಾಮತಿ ಕಡೆಯ ತಾಂಡಾದಲ್ಲಿ ಬೆಳೆದು, ಅವರ ಕೈಯಲ್ಲೇ ಓದಿ, ಈಗ ಸಮಾಜಶಾಸ್ತ್ರದಲ್ಲಿ ಸಂಶೋಧನೆಗೆ ಹೊರಟಿರುವ ವಿದ್ಯಾರ್ಥಿನಿ ಇನ್ನೊಬ್ಬಳು.)

ಮೇಷ್ಟ್ರು: ನೀನು ಸಂಶೋಧನೆಗೆ ಹೊರಟಿದ್ದು ಕೇಳಿ ಸಂತೋಷವಾಯಿತು. ಆದರೆ ಒಂದು ಅನುಮಾನ ಉಳಿದಿದೆ ನೋಡಮ್ಮ. 2025ರ ಸೆಪ್ಟೆಂಬರ್ 22ರಿಂದ ನಾವು ಮೇಷ್ಟ್ರುಗಳೆಲ್ಲ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆಂದು ಮೊಬೈಲ್ ಹಿಡಿದು ಮನೆ ಮನೆ ತಿರುಗಿದೆವು. ಕರೆಂಟ್ ಮೀಟರಿನ ಆರ್.ಆರ್. ನಂಬರಿನಿಂದ ಮನೆಯ ಗುರುತು, ಒಂದೊಂದು ಕುಟುಂಬಕ್ಕೆ 60 ಪ್ರಶ್ನೆ. ಜಾತಿ, ಉಪಜಾತಿ, ಓದು, ಜಮೀನು, ಕಸುಬು ಎಲ್ಲ ತುಂಬಿದೆವು. ಅದೇ ವರ್ಷ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನಾಗಮೋಹನದಾಸ್ ಆಯೋಗದ ಗಣತಿ ನಡೆದಿತ್ತು. 2015ರಲ್ಲಿ ಕಾಂತರಾಜ್ ಅವರು ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದಾಗಿನದು ಇನ್ನೊಂದು. ಇಷ್ಟೆಲ್ಲ ಆದ ಮೇಲೂ ನೀನು ಜಗಳೂರಿನ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಕೂತು ತಿಳಿಯಬೇಕಾದದ್ದು ಏನು ಉಳಿದಿದೆ?

ವಿದ್ಯಾರ್ಥಿನಿ: ಆ ಲೆಕ್ಕಗಳು ಬೇಕೇ ಬೇಕು ಸರ್. ಅವನ್ನು ಕೈಯಲ್ಲಿ ಹಿಡಿದೇ ನಾನು ಊರಿಗೆ ಹೋಗುವುದು. ಎಲ್ಲ ಜಾತಿಗಳ ಲೆಕ್ಕ ಜನಗಣತಿಯಲ್ಲಿ ಕೊನೆಯದಾಗಿ ಪೂರ್ತಿ ಅಚ್ಚಾಗಿದ್ದು 1931ರಲ್ಲಿ. ಇನ್ನು 2027ರ ಜನಗಣತಿಯಲ್ಲಿ ಮತ್ತೆ ಕೇಳುತ್ತಾರೆ. ನಡುವಿನ ಇಷ್ಟು ವರ್ಷ ಬರೀ ಅಂದಾಜಿನ ಮೇಲೆ ವಾದ ನಡೆದಿದೆ. ಹಾಗಾಗಿ ನೀವು ಬಿಸಿಲಲ್ಲಿ ತಿರುಗಿ ಮಾಡಿದ ಕೆಲಸ ಸಣ್ಣದೆಂದು ನಾನು ಹೇಳಲಾರೆ. ಒಂದು ಮಾತು ಕೇಳಲೇ? ಬೀಗ ಹಾಕಿದ ಮನೆ ಸಿಕ್ಕಾಗ ಏನು ಮಾಡಿದಿರಿ?

ಮೇಷ್ಟ್ರು: ಪಕ್ಕದವರನ್ನು ಕೇಳಿದೆವು. ಕಾಫಿ ಎಸ್ಟೇಟಿಗೆ ಹೋಗಿದ್ದಾರೆ, ಬೆಂಗಳೂರಿಗೆ ಹೋಗಿದ್ದಾರೆ ಅಂದರು. ಇನ್ನೊಂದು ಸಲ ಹೋಗಿ ನೋಡಿದೆವು. ಆಗಲೂ ಸಿಗದಿದ್ದರೆ ಬೀಗ ಎಂದು ಗುರುತು ಮಾಡಿ ಮುಂದಿನ ಮನೆಗೆ. ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅಂತ ಮೇಲಿನಿಂದ ಫೋನ್ ಬರುತ್ತಿತ್ತಲ್ಲ.

ವಿದ್ಯಾರ್ಥಿನಿ: ನನ್ನ ಕೆಲಸ ಆ ಮನೆಯಿಂದಲೇ ಶುರುವಾಗುತ್ತದೆ. ಒಂದು ಹಳ್ಳಿಯಲ್ಲಿ ಎಲ್ಲ ಮನೆಗೂ ಹೋಗಿ ವಿವರವಾಗಿ ಮಾತಾಡಲು ಆಗದಿದ್ದರೆ ಮಾದರಿ ಆಯ್ಕೆ ಮಾಡುತ್ತೇವೆ. ಪಡಿತರ ಚೀಟಿಯ ಪಟ್ಟಿಯನ್ನೋ ಮತದಾರರ ಪಟ್ಟಿಯನ್ನೋ ಇಟ್ಟುಕೊಂಡು ಐದಕ್ಕೊಂದು, ಹತ್ತಕ್ಕೊಂದು ಮನೆ ಆರಿಸುತ್ತೇವೆ. ಯಾರೂ ತಮಗೆ ಬೇಕಾದವರ ಮನೆಗೇ ಹೋಗಬಾರದು ಅಂತ ಈ ಕ್ರಮ. ಆರಿಸಿದ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯನ್ನು ಸೇರಿಸಿಕೊಳ್ಳುವ ರೂಢಿಯೂ ಇದೆ. ಜಗಳೂರಿನಲ್ಲಿ ಹಾಗೆ ಮಾಡಿದರೆ ಏನಾಗುತ್ತದೆ ಯೋಚಿಸಿ. ಗುಳೆ ಹೋದವರ ಮನೆ ಬಿಟ್ಟುಹೋಗುತ್ತದೆ, ಊರಲ್ಲೇ ಉಳಿದವರ ಮನೆ ಅದರ ಜಾಗಕ್ಕೆ ಬರುತ್ತದೆ. ಕೊನೆಗೆ ಲೆಕ್ಕ ಕೂಡಿಸಿದರೆ ಈ ಊರಲ್ಲಿ ಗುಳೆ ಕಡಿಮೆ ಎಂದು ಬರುತ್ತದೆ! ಕೂಡಿಸಿದ್ದು ಸರಿಯಾಗಿಯೇ ಇರುತ್ತದೆ, ತೀರ್ಮಾನ ಮಾತ್ರ ಸುಳ್ಳು. ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಬೀಗ ಹಾಕಿದ ಮನೆಗೂ ಒಂದು ಸಾಲು ಇರುತ್ತದೆ. ಯಾವಾಗ ಹೋದರು, ಯಾರು ಯಾರು ಹೋದರು, ವಯಸ್ಸಾದವರನ್ನೂ ದನಕರುವನ್ನೂ ಯಾರ ಮೇಲೆ ಬಿಟ್ಟು ಹೋದರು, ಮಕ್ಕಳ ಶಾಲೆ ಏನಾಯಿತು ಅಂತ ನೆರೆಯವರಲ್ಲಿ ಕೇಳಿ ಬರೆಯುತ್ತೇನೆ. ಯುಗಾದಿಗೋ ದೀಪಾವಳಿಗೋ ಊರ ಜಾತ್ರೆಗೋ ಅವರು ಬರುತ್ತಾರಲ್ಲ, ಆಗ ಹೋಗಿ ಅವರನ್ನೇ ಕೇಳುತ್ತೇನೆ. ನಮ್ಮ ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆ ಫೆಬ್ರವರಿಯಲ್ಲಿ ನಡೆಯುತ್ತದೆ. ಎಲ್ಲೆಲ್ಲಿಗೋ ಹೋದ ತಾಂಡಾದವರು ಆಗ ಒಂದೇ ಕಡೆ ಸಿಗುತ್ತಾರೆ. ಊರು ತುಂಬಿರುವ ದಿನ ಯಾವುದು, ಖಾಲಿಯಾಗುವ ತಿಂಗಳು ಯಾವುದು ಎಂದು ತಿಳಿಯದೆ ಹೋದವರಿಗೆ ಅರ್ಧ ಊರು ಮಾತ್ರ ಕಾಣುತ್ತದೆ.

ಮೇಷ್ಟ್ರು: ಇದು ಒಪ್ಪುವ ಮಾತು. ಆದರೆ ಜಗಳೂರಿಗೇ ಯಾಕೆ? ನಿಮ್ಮ ನ್ಯಾಮತಿ ಇಲ್ಲವೇ? ಚನ್ನಗಿರಿ ಇಲ್ಲವೇ?

ವಿದ್ಯಾರ್ಥಿನಿ: ಹೊನ್ನಾಳಿಯೂ ಸೇರಿ ನಾಲ್ಕೂ ಬೇಕು ಸರ್. ಒಂದೇ ಊರು ನೋಡಿದರೆ ಅಲ್ಲಿ ಕಂಡದ್ದೆಲ್ಲ ಲೋಕದ ನಿಯಮ ಅನಿಸಿಬಿಡುತ್ತದೆ. ಪಕ್ಕದಲ್ಲಿ ಇನ್ನೊಂದು ಊರು ಇಟ್ಟು ನೋಡಿದಾಗಲೇ ಕಾರಣ ಯಾವುದು, ಕಾಕತಾಳೀಯ ಯಾವುದು ಗೊತ್ತಾಗುವುದು. ಇದನ್ನು ನಮ್ಮ ನಾಡಿನಲ್ಲೇ ಚೆನ್ನಾಗಿ ಮಾಡಿ ತೋರಿಸಿದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡಿಗೆ ಹೋಗಿ ಮ್ಯಾಂಚೆಸ್ಟರಿನಲ್ಲಿ ಓದಿ, 1954ರಲ್ಲಿ ಮಂಡ್ಯದ ಹಳ್ಳಿಗೆ ಬಂದರು. ಎರಡು ಊರು ಆರಿಸಿಕೊಂಡರು. ಪುಸ್ತಕದಲ್ಲಿ ಅವಕ್ಕೆ ವಂಗಲ, ದಲೇನ ಎಂಬ ಬದಲಿ ಹೆಸರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದು ಕಬ್ಬು ಬಂತು. ದಲೇನ ಎತ್ತರದಲ್ಲಿತ್ತು, ನಾಲೆ ಸುತ್ತಮುತ್ತ ಹರಿದರೂ ಅದರ ಹೊಲ ಒಣಗೇ ಉಳಿಯಿತು. ಯಾವ ಊರು ಹೆಚ್ಚು ಬದಲಾಗಿರಬೇಕು ಹೇಳಿ?

ಮೇಷ್ಟ್ರು: ನೀರು ಬಂದದ್ದೇ. ದುಡ್ಡು ಬಂತು, ಮನೆ ಎದ್ದವು, ಮಕ್ಕಳು ಓದಿದರು.

ವಿದ್ಯಾರ್ಥಿನಿ: ದುಡ್ಡು ಬಂದದ್ದು ನಿಜ. ಆದರೆ ಊರಿನ ಒಳಗಿನ ಸಂಬಂಧಗಳು ಹೆಚ್ಚು ಬದಲಾದದ್ದು ನೀರು ಕಾಣದ ದಲೇನದಲ್ಲಿ! ವಂಗಲದ ಒಕ್ಕಲಿಗರು ಮೊದಲಿನಂತೆ ಬೇಸಾಯಗಾರರಾಗಿಯೇ ಉಳಿದರು. ಕಬ್ಬಿಗೆ ಆಳು ಹೆಚ್ಚು ಬೇಕಾಯಿತು, ತಲೆಮಾರಿನಿಂದ ಅವರ ಹೊಲದಲ್ಲಿ ದುಡಿಯುತ್ತಿದ್ದ ದಲಿತ ಮನೆಗಳೊಂದಿಗಿನ ಹಳೆಯ ಕಟ್ಟು ಇನ್ನಷ್ಟು ಬಿಗಿಯಾಯಿತು. ದಲೇನದವರಿಗೆ ಊರಲ್ಲಿ ಕೂತರೆ ಹೊಟ್ಟೆ ತುಂಬುತ್ತಿರಲಿಲ್ಲ. ಅವರು ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಗಾಡಿಯಲ್ಲಿ ಬೇರೆಯವರ ಕಬ್ಬು ಸಾಗಿಸಿದರು, ವ್ಯಾಪಾರಕ್ಕೆ ಇಳಿದರು, ನೀರಿರುವ ಪಕ್ಕದ ಊರುಗಳಲ್ಲಿ ಜಮೀನು ಕೊಂಡರು. ಹೀಗೆ ಹೊರಗಿನ ದುಡಿಮೆ ಹಿಡಿದ ಮೇಲೆ ಊರೊಳಗಿನ ಹಳೆಯ ಆಳು-ಒಡೆಯ ಕಟ್ಟು ಸಡಿಲವಾಯಿತು. 1962ರಲ್ಲಿ ಪುಸ್ತಕ ಬಂತು. 1970ರಲ್ಲಿ ಅವರು ಅದೇ ಊರುಗಳಿಗೆ ಮತ್ತೆ ಹೋಗಿ ನೋಡಿದರು. 1998ರಲ್ಲಿ ಸೂರ್ಯನಾರಾಯಣ, ತಿಮ್ಮೇಗೌಡ ಅವರೊಂದಿಗೆ ಸೇರಿ ನಲವತ್ತು ವರ್ಷಗಳ ಬದಲಾವಣೆಯನ್ನು ಬರೆದರು. ನನಗೆ ಈ ಹೋಲಿಕೆ ಓದಿದಾಗಿನಿಂದ ನಮ್ಮ ದಾವಣಗೆರೆ ಜಿಲ್ಲೆಯೇ ಕಣ್ಣ ಮುಂದೆ ಬರುತ್ತದೆ. ಭದ್ರಾ ನಾಲೆ, ಶಾಂತಿಸಾಗರ, ಅಡಿಕೆ ತೋಟದ ಚನ್ನಗಿರಿ. ತುಂಗಭದ್ರೆಯ ದಂಡೆಯ ಹೊನ್ನಾಳಿ. ಒಂದಷ್ಟು ನೀರು, ಒಂದಷ್ಟು ಮಳೆ ನಂಬಿದ ಮೆಕ್ಕೆಜೋಳದ ನ್ಯಾಮತಿ. ಆ ಕಡೆ ಬರದ ಜಗಳೂರು.

ಮೇಷ್ಟ್ರು: ತಡಿ, ಕಬ್ಬಿಗೂ ಅಡಿಕೆಗೂ ಒಂದೇ ತೂಕ ಹಾಕಬೇಡ. ಭತ್ತದ ಗದ್ದೆ ಇದ್ದಾಗ ನಾಟಿಗೆ, ಕಳೆಗೆ, ಕೊಯ್ಲಿಗೆ ಊರಿನ ಹೆಂಗಸರೇ ಬೇಕಿತ್ತು. ಯಾವ ಮನೆಗೆ ಯಾರು ಬರುತ್ತಾರೆ ಎನ್ನುವುದೂ ಗೊತ್ತಿರುತ್ತಿತ್ತು. ಆ ಗದ್ದೆಗಳು ತೋಟವಾದವು. ತೋಟ ಒಂದು ಸಲ ಎದ್ದು ನಿಂತರೆ ವರ್ಷವಿಡೀ ಅಷ್ಟು ಕೈ ಬೇಡ. ಫಸಲು ಬಂದಾಗ ಬಹಳ ಜನ ಅದನ್ನು ಗುತ್ತಿಗೆ ಹಿಡಿಯುವ ಖೇಣಿದಾರನಿಗೆ ಕೊಟ್ಟುಬಿಡುತ್ತಾರೆ. ಗೊನೆ ಕೊಯ್ಯುವವರನ್ನು ಅವನೇ ಕರೆತರುತ್ತಾನೆ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಅವನ ಮನೆಯಂಗಳದಲ್ಲಿ. ತೋಟದ ಯಜಮಾನನಿಗೂ ಸುಲಿಯುವ ಹೆಣ್ಣುಮಗಳಿಗೂ ಮುಖ ಪರಿಚಯವೂ ಇರಬೇಕಿಲ್ಲ. ಚನ್ನಗಿರಿಯಲ್ಲಿ ಹಳೆಯ ಕಟ್ಟು ಬಿಗಿಯಾಯಿತೋ ಸಡಿಲವಾಯಿತೋ ಮಂಡ್ಯದ ಪುಸ್ತಕ ನೋಡಿ ಹೇಳಲಾಗದು.

ವಿದ್ಯಾರ್ಥಿನಿ: ನನಗೆ ಬೇಕಿದ್ದದ್ದೇ ಇದು ಸರ್. ಸಂಶೋಧನೆಗೆ ಒಂದು ಊಹೆ ಬೇಕು. ಅದು ಸುಳ್ಳೆಂದು ತೋರಿಸಲು ಸಾಧ್ಯವಿರುವಂಥ ಊಹೆಯಾಗಿರಬೇಕು, ಇಲ್ಲದಿದ್ದರೆ ಅದು ನಂಬಿಕೆಯಾಗುತ್ತದೆ. ನೀವು ಹೇಳಿದ್ದರ ಮೇಲೆ ನಾನು ಹೀಗೆ ಊಹಿಸುತ್ತೇನೆ: ಊರಿನ ಹಳೆಯ ಕಟ್ಟನ್ನು ಉಳಿಸುವುದೋ ಮುರಿಯುವುದೋ ನೀರೇ ಅಲ್ಲ, ನೀರಿನ ಜೊತೆ ಬಂದ ಬೆಳೆಗೆ ಊರೊಳಗಿನ ಕೈ ಎಷ್ಟು ಬೇಕು ಎನ್ನುವುದು. ಚನ್ನಗಿರಿಯ ಒಂದು ಅಡಿಕೆ ಊರಿನಲ್ಲಿ ಖೇಣಿ ಬಂದ ಮೇಲೂ ಹಬ್ಬ, ಮದುವೆ, ಸಾವಿನ ಹೊತ್ತಿಗೆ ಅದೇ ಮನೆಯವರು ಅದೇ ಮನೆಗೆ ಚಾಕರಿಗೆ ಬರುತ್ತಿದ್ದರೆ ನನ್ನ ಊಹೆ ಬಿದ್ದುಹೋಯಿತು, ಬೇರೆ ಕಾರಣ ಹುಡುಕಬೇಕು. ಜಗಳೂರಿನಿಂದ ಬೆಂಗಳೂರಿಗೆ ಹೋಗಿ ಬಂದವರು ಊರಿಗೆ ಬಂದ ಕೂಡಲೇ ಹಳೆಯ ಜಾಗದಲ್ಲೇ ನಿಲ್ಲುತ್ತಿದ್ದರೆ, ದಲೇನದ ಮಾತೂ ಎಲ್ಲ ಕಡೆ ನಡೆಯುವುದಿಲ್ಲ ಎಂದಾಯಿತು. ಯಾವುದು ಕಂಡರೆ ನನ್ನ ಮಾತು ತಪ್ಪಾಗುತ್ತದೆ ಅಂತ ಮೊದಲೇ ಬರೆದಿಟ್ಟು ಹೋಗಬೇಕು. ಪತ್ರಿಕೆಯವರು ಘಟನೆ ನಡೆದಾಗ ಬರುತ್ತಾರೆ, ಅದು ಅವರ ಧರ್ಮ. ನಮಗೆ ಏನೂ ನಡೆಯದ ದಿನ ಮುಖ್ಯ. ಬೆಳಿಗ್ಗೆ ಯಾರ ಮನೆ ಮುಂದೆ ಯಾರು ನಿಂತರು, ಹೋಟೆಲಿನಲ್ಲಿ ಯಾರು ಒಳಗೆ ಕೂತರು, ಯಾರು ಹೊರಗೆ ನಿಂತು ಕುಡಿದರು ಎನ್ನುವುದು ಸುದ್ದಿಯಾಗುವುದಿಲ್ಲ. ಸಮಾಜ ಇರುವುದು ಅಲ್ಲೇ.

ಮೇಷ್ಟ್ರು: ಹೋಗುವ ಮೊದಲು ಕಾಗದಪತ್ರ ನೋಡುವುದಿಲ್ಲವೇ?

ವಿದ್ಯಾರ್ಥಿನಿ: ನೋಡಲೇಬೇಕು. ಅದರಲ್ಲೇ ಒಂದು ದೊಡ್ಡ ತೊಡಕಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕಿಂತ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಹಳೆಯ ಗೆಜೆಟಿಯರು, ಹಳೆಯ ಅಂಕಿಅಂಶದ ಪುಸ್ತಕ ಬೇಕೆಂದರೆ ಎರಡು ಜಿಲ್ಲೆಯವನ್ನು ತೆಗೆಯಬೇಕು. ನ್ಯಾಮತಿಯ ಸ್ಥಿತಿ ಇನ್ನೂ ಕಷ್ಟ. 2011ರ ಜನಗಣತಿಯಲ್ಲಿ ನ್ಯಾಮತಿ ತಾಲ್ಲೂಕೇ ಇಲ್ಲ, ಅದು ಹೊನ್ನಾಳಿಯ ಒಳಗೆ ಸೇರಿದೆ. ಮುಂದಿನ ಜನಗಣತಿ ಬಂದಾಗ ಹೊನ್ನಾಳಿಯ ಜನಸಂಖ್ಯೆ ಇಳಿದಂತೆ ಕಾಣುತ್ತದೆ, ಜನ ಎಲ್ಲಿಗೂ ಹೋಗಿರುವುದಿಲ್ಲ. ಹಳ್ಳಿ ಹಳ್ಳಿಯ ಲೆಕ್ಕ ಬಿಡಿಸಿ ಮತ್ತೆ ಕೂಡಿಸದ ಹೊರತು ಹೋಲಿಕೆ ಸಾಧ್ಯವಿಲ್ಲ.

ಇನ್ನೊಂದು ಹೇಳುತ್ತೇನೆ. 2002ರಲ್ಲಿ ಡಿ.ಎಂ. ನಂಜುಂಡಪ್ಪನವರ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು ರಾಜ್ಯದ 175 ತಾಲ್ಲೂಕುಗಳನ್ನು ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದವು ಎಂದು ಬಂತು. ಆ ಪಟ್ಟಿಯಲ್ಲಿ ಜಗಳೂರೂ ಇದೆ, ಹೊನ್ನಾಳಿಯೂ ಇದೆ, ಅಡಿಕೆಯ ಚನ್ನಗಿರಿಯೂ ಇದೆ. ಆ ವರದಿ ಬಹಳ ದೊಡ್ಡ ಕೆಲಸ, ಪ್ರಾದೇಶಿಕ ಅಸಮಾನತೆಯ ಮಾತಿಗೆ ಅಡಿಪಾಯ ಹಾಕಿದ್ದೇ ಅದು. ಆದರೆ ತಾಲ್ಲೂಕನ್ನು ಒಂದೇ ಅಂಕಿಯಲ್ಲಿ ಹಿಡಿದಾಗ ಚನ್ನಗಿರಿಯ ತೋಟದ ಮಾಲೀಕನೂ ಅದೇ ಊರಿನ ಸುಲಿಯುವ ಹೆಣ್ಣುಮಗಳೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತಾರೆ. ಜಗಳೂರಿನ ಹಿಂದುಳಿದಿರುವಿಕೆಗೂ ಚನ್ನಗಿರಿಯದಕ್ಕೂ ಕಾರಣ ಒಂದೇ ಇರಲಾರದು. ಅದನ್ನು ಬಿಡಿಸಲು ಊರಿಗೇ ಹೋಗಬೇಕು.

ಮೇಷ್ಟ್ರು: ಹೋದೆ ಅಂತಲೇ ಇಟ್ಟುಕೊ. ಎಲ್ಲಿ ಉಳಿಯುತ್ತೀಯ?

ವಿದ್ಯಾರ್ಥಿನಿ: ನನಗೆ ನಿದ್ದೆ ಕೆಡಿಸಿದ ಪ್ರಶ್ನೆ ಅದು ಸರ್. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಇದ್ದರು. ಪುಸ್ತಕದಲ್ಲಿ ಅದು ರಾಮಪುರ. ಪ್ರಬಲ ಜಾತಿ ಅಂತ ಇವತ್ತು ರಾಜಕೀಯದವರೂ ಹೇಳುವ ಮಾತಿಗೆ ಶಾಸ್ತ್ರದ ರೂಪ ಕೊಟ್ಟದ್ದು ಅವರು, ಆ ಊರನ್ನು ಕಂಡ ಮೇಲೆ. ಊರಿನ ಪಟೇಲರಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ ಅವರಿಗೆ ಜಾಗ ಸಿಕ್ಕಿತು. ಊರವರು ಅವರನ್ನು ಬ್ರಾಹ್ಮಣನೆಂದೇ ಕಂಡರು, ಬ್ರಾಹ್ಮಣನಂತೆಯೇ ನಡೆಯಬೇಕೆಂದು ಬಯಸಿದರು. ಆ ಮನೆಯ ಜಗಲಿಯಿಂದ ಊರಿನ ಎಷ್ಟೋ ವಿಷಯ ಕಂಡಿತು. ಆದರೆ ಹೆಂಗಸರ ಲೋಕ, ದಲಿತರ ಕೇರಿ ಅಷ್ಟಾಗಿ ಒಳಗೆ ಬಿಟ್ಟುಕೊಡಲಿಲ್ಲ. ಅದನ್ನು ಅವರೇ ಬರೆದುಕೊಂಡಿದ್ದಾರೆ, ಆ ಪ್ರಾಮಾಣಿಕತೆಯೇ ನನಗೆ ಪಾಠ. ಯಾರು ಜಾಗ ಕೊಟ್ಟರು ಎನ್ನುವುದರ ಮೇಲೆ ಯಾವ ಊರು ಕಾಣುತ್ತದೆ ಎನ್ನುವುದು ನಿಂತಿದೆ. ನಾನು ಹೋದ ಮೊದಲ ದಿನವೇ ಕೇಳುತ್ತಾರೆ, ಯಾವ ಊರಮ್ಮ, ಯಾರ ಪೈಕಿ ಅಂತ. ಲಂಬಾಣಿಯವಳು ಎಂದ ಕೂಡಲೇ ಕೆಲವು ಬಾಗಿಲು ತೆರೆಯುತ್ತವೆ, ಕೆಲವು ಮುಚ್ಚುತ್ತವೆ. ತಾಂಡಾದಲ್ಲಿ ಇದ್ದರೆ ಊರೊಳಗಿನವರು ಬೇರೆ ಥರ ನೋಡುತ್ತಾರೆ, ಊರೊಳಗೆ ಇದ್ದರೆ ತಾಂಡಾದವರು ಬೇರೆ ಥರ ನೋಡುತ್ತಾರೆ. ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ನಾಯಕರು, ಲಿಂಗಾಯತರು, ಕುರುಬರು, ದಲಿತರು, ಮುಸ್ಲಿಮರು ಎಲ್ಲರ ಮನೆಗೂ ಹೋಗಬೇಕಾದವಳು ನಾನು. ಅದಕ್ಕೇ ಕೆಲವು ತಿಂಗಳು ಒಂದು ಕೇರಿಯಲ್ಲಿ, ಕೆಲವು ತಿಂಗಳು ಇನ್ನೊಂದು ಕೇರಿಯಲ್ಲಿ ಇದ್ದು ನೋಡುವ ಯೋಚನೆ ಮಾಡಿದ್ದೇನೆ.

ಮೇಷ್ಟ್ರು: ತಾಂಡಾದಲ್ಲಾದರೆ ನಿನಗೆ ಸುಲಭ. ನಿಮ್ಮ ಮಾತು ಬರುತ್ತದೆ. ತಾಂಡಾ ನಡೆಸುವ ನಾಯಕ್ ಯಾರು, ಕಾರಭಾರಿ ಯಾರು ನಿನಗೆ ಹೇಳಿಕೊಡಬೇಕಿಲ್ಲ.

ವಿದ್ಯಾರ್ಥಿನಿ: ಸುಲಭವೂ ಹೌದು, ಕಷ್ಟವೂ ಹೌದು. ಹೊರಗಿನವರಿಗೆ ಜನ ವಿವರಿಸಿ ಹೇಳುತ್ತಾರೆ. ನನಗಾದರೆ, ನಿನಗೆ ಗೊತ್ತಿಲ್ಲವೇನೇ ಎಂದು ಬಿಟ್ಟುಬಿಡುತ್ತಾರೆ. ನನಗೂ ಎಷ್ಟೋ ಸಂಗತಿ ಹುಟ್ಟಿದಾಗಿನಿಂದ ಕಂಡದ್ದರಿಂದ ಪ್ರಶ್ನೆಯೇ ಆಗುವುದಿಲ್ಲ. ತಾಂಡಾಕ್ಕೆ ಹೋದಾಗ ನಾನು ಅಲ್ಲಿ ಹುಟ್ಟದವಳಂತೆ ನೋಡುವುದನ್ನು ಕಲಿಯಬೇಕು, ಊರಿಗೆ ಹೋದಾಗ ಅಲ್ಲಿಯವಳಂತೆ ಕಾಣುವುದನ್ನು ಕಲಿಯಬೇಕು. ಶ್ರೀನಿವಾಸರು ಸ್ವಂತ ಸಮಾಜವನ್ನು ತಾವೇ ಅಧ್ಯಯನ ಮಾಡುವುದರ ಬಗ್ಗೆ ಕೊನೆಯವರೆಗೂ ಯೋಚಿಸಿದವರು. ಧಾರವಾಡ ಸೀಮೆಯ ಹಳ್ಳಿಯನ್ನು ಶಿವಾಪುರ ಎಂಬ ಹೆಸರಲ್ಲಿ 1968ರಲ್ಲಿ ಬರೆದ ಹಿರೇಮಲ್ಲೂರ ಈಶ್ವರನ್ ಕೂಡ ಆ ನೆಲದವರೇ, ಕನ್ನಡದ ಲೇಖಕರೇ.

ಮೇಷ್ಟ್ರು: ಅದಿರಲಿ. ಜನ ನಿನ್ನೆದುರಿಗೆ ನಿಜ ಹೇಳುತ್ತಾರೆಯೇ? ನಾವು ಜಮೀನು ಎಷ್ಟು ಎಂದು ಕೇಳಿದರೆ ಬಿಪಿಎಲ್ ಕಾರ್ಡ್ ಹೋಗುತ್ತದೆ ಎಂಬ ಹೆದರಿಕೆಯಿಂದ ಕಡಿಮೆ ಹೇಳಿದವರು ಇದ್ದಾರೆ. ಗಂಡಸು ಜಗಲಿ ಮೇಲೆ ಕೂತು ಹೆಂಡತಿಯ ಓದು, ದುಡಿಮೆ, ಕಾಯಿಲೆ ಎಲ್ಲ ತಾನೇ ಹೇಳಿಬಿಡುತ್ತಾನೆ. ಆಕೆ ಬಾಗಿಲ ಸಂದಿಯಲ್ಲಿ ನಿಂತಿರುತ್ತಾಳೆ.

ವಿದ್ಯಾರ್ಥಿನಿ: ಅದಕ್ಕೇ ಪ್ರಶ್ನೆ ಕೇಳುವ ಜಾಗ, ಹೊತ್ತು ಎರಡೂ ಬದಲಾಗಬೇಕು. ಅಡಿಕೆ ಸುಗ್ಗಿಯಲ್ಲಿ ಖೇಣಿ ಮನೆಯಲ್ಲಿ ಹೆಂಗಸರು ಸಾಲಾಗಿ ಕೂತು ಸುಲಿಯುತ್ತಾರೆ. ಅವರ ಜೊತೆ ಕೂತು ನಾನೂ ಸುಲಿದರೆ, ಸಂಘದ ಕಂತು, ಮಗಳ ಮದುವೆ, ಗಂಡನ ಕುಡಿತ, ಯಾರ ಮನೆಯಲ್ಲಿ ನೀರು ಕೊಟ್ಟರು, ಯಾರು ಕೊಡಲಿಲ್ಲ ಎಲ್ಲವೂ ತಾನಾಗಿ ಬರುತ್ತದೆ. ಅಲ್ಲಿ ಪ್ರಶ್ನಾವಳಿ ತೆಗೆದರೆ ಮಾತು ನಿಂತುಹೋಗುತ್ತದೆ. ಜಮೀನು ಎಷ್ಟು ಎಂದು ಕೇಳುವ ಬದಲು ಕೊಳವೆಬಾವಿಯಲ್ಲಿ ಎಷ್ಟು ಹೊತ್ತು ನೀರು ಬರುತ್ತದೆ, 2024ರ ಬೇಸಿಗೆಯಲ್ಲಿ ತೋಟಕ್ಕೆ ಟ್ಯಾಂಕರ್ ನೀರು ಹೊಡೆಸಿದಿರಾ, ಅದಕ್ಕೆ ದುಡ್ಡು ಎಲ್ಲಿಂದ ತಂದಿರಿ ಎಂದು ಕೇಳಿದರೆ ಜಮೀನೂ ತಿಳಿಯುತ್ತದೆ, ಸಾಲವೂ ತಿಳಿಯುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿನೊಂದಿಗೆ, ಪಹಣಿಯೊಂದಿಗೆ, ನಾನೇ ಕಣ್ಣಾರೆ ಕಂಡದ್ದರೊಂದಿಗೆ ಇಟ್ಟು ನೋಡಬೇಕು. ನಮ್ಮೂರಲ್ಲಿ ಜಾತಿಭೇದ ಇಲ್ಲಮ್ಮ ಎಂದು ಜಗಲಿ ಮೇಲೆ ಎಲ್ಲರೂ ಹೇಳುತ್ತಾರೆ. ಮದುವೆ ಊಟದ ಪಂಕ್ತಿ ನೋಡಿದರೆ ಬೇರೆ ಕಾಣಬಹುದು. ಹೇಳಿದ್ದು, ಮಾಡಿದ್ದು ಎರಡನ್ನೂ ಬೇರೆ ಬೇರೆ ಬರೆದಿಡುತ್ತೇನೆ. ಒಂದು ಗಂಟೆಗೆ ಬಂದವರ ಎದುರು ಯಾರಾದರೂ ಚೆನ್ನಾಗಿ ನಡೆದುಕೊಳ್ಳಬಹುದು. ಒಂದು ಬಿತ್ತನೆಯಿಂದ ಒಂದು ಕೊಯ್ಲಿನವರೆಗೆ ಯಾರೂ ಹಾಗೆ ನಟಿಸಲಾರರು.

ಮೇಷ್ಟ್ರು: ಇದೆಲ್ಲ ಬರೆದುಕೊಳ್ಳುವುದು ಯಾವಾಗ? ಎದುರಿಗೆ ಬರೆದರೆ ಹೆದರುತ್ತಾರೆ ಅನ್ನುತ್ತೀಯ.

ವಿದ್ಯಾರ್ಥಿನಿ: ಅದೇ ರಾತ್ರಿ. ಒಂದು ದಿನ ಬಿಟ್ಟರೆ ಮಾತಿನ ಧಾಟಿ ಹೋಗುತ್ತದೆ, ಎರಡು ದಿನ ಬಿಟ್ಟರೆ ನಾವು ನಂಬಿದ್ದೇ ಅವರು ಹೇಳಿದಂತೆ ಕಾಣತೊಡಗುತ್ತದೆ. ಬರೆದದ್ದನ್ನು ಒಂದೇ ಕಡೆ ಇಡಲೂಬಾರದು. ಶ್ರೀನಿವಾಸರು ವರ್ಷಗಟ್ಟಲೆ ಕೂತು ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಯಲ್ಲಿದ್ದವು. 1970ರ ಏಪ್ರಿಲ್ 24ರಂದು ಯಾರೋ ಆ ಕಟ್ಟಡಕ್ಕೆ ಬೆಂಕಿ ಹಚ್ಚಿದರು, ಮೂರೂ ಸುಟ್ಟುಹೋದವು. ನೆನಪಿನಿಂದಲೇ ಬರೆ ಎಂದು ಸೋಲ್ ಟ್ಯಾಕ್ಸ್ ಎಂಬ ಹಿರಿಯ ವಿದ್ವಾಂಸರು ಧೈರ್ಯ ಹೇಳಿದರು. 1976ರಲ್ಲಿ ಪುಸ್ತಕ ಹೊರಬಂತು. ಅಂಥ ನೆನಪು ಆ ದೊಡ್ಡವರಿಗೆ ಸಾಧ್ಯ. ನಾನು ಪ್ರತಿಗಳನ್ನು ಬೇರೆ ಬೇರೆ ಊರಲ್ಲಿ ಇಡುತ್ತೇನೆ.

ಮೇಷ್ಟ್ರು: ಇನ್ನೊಂದು ಮುಖ್ಯ ಮಾತು. ಸಮೀಕ್ಷೆಯ ಹೊತ್ತಿನಲ್ಲಿ ಹೈಕೋರ್ಟ್ ತಡೆ ಕೊಡಲಿಲ್ಲ, ಆದರೆ ಉತ್ತರ ಕೊಡುವುದು ಜನರ ಇಷ್ಟ, ಒತ್ತಾಯ ಕೂಡದು, ಮಾಹಿತಿ ಗುಟ್ಟಾಗಿರಬೇಕು ಎಂದಿತು. ನಮ್ಮ ಹಿಂದೆ ಆಯೋಗ ಇತ್ತು, ಕೋರ್ಟಿನ ಮಾತಿತ್ತು. ನಿನ್ನ ಹಿಂದೆ ಏನಿದೆ? ನೀನು ಬರೆದ ಪುಸ್ತಕದಿಂದ ಒಬ್ಬ ಬಡವನಿಗೆ ತೊಂದರೆಯಾದರೆ?

ವಿದ್ಯಾರ್ಥಿನಿ: ಆ ಹೊಣೆ ಪೂರ್ತಿ ನನ್ನದೇ. ಯಾಕೆ ಬಂದಿದ್ದೇನೆ, ಏನು ಬರೆಯುತ್ತೇನೆ ಎಂದು ಮೊದಲೇ ಹೇಳಬೇಕು. ಬೇಡ ಎಂದವರನ್ನು ಬಿಡಬೇಕು, ಹೇಳಿದ ಮೇಲೆ ಬೇಡವೆಂದರೂ ಹೊಡೆದುಹಾಕಬೇಕು. ಸೌಲಭ್ಯ ಕೊಡಿಸುತ್ತೇನೆ ಎಂಬ ಆಸೆ ತೋರಿಸಬಾರದು. ಸರ್ಕಾರದವಳೆಂದು ತಿಳಿದು ಯಾರಾದರೂ ಮನೆ ಬರುತ್ತದೆಯೇ, ಪಿಂಚಣಿ ಬರುತ್ತದೆಯೇ ಎಂದು ಕೇಳಿದರೆ ಅಲ್ಲವೆಂದು ಆಗಲೇ ತಿಳಿಸಬೇಕು. ಊರಿನ ಹೆಸರು ಬದಲಿಸಿದರೆ ಸಾಲದು. ರಾಮಪುರ ಯಾವುದೆಂದು ಕೊನೆಗೆ ಎಲ್ಲರಿಗೂ ತಿಳಿಯಿತು. ನಮ್ಮಂಥ ಸಣ್ಣ ತಾಲ್ಲೂಕಿನಲ್ಲಿ ಸೊಸೈಟಿ ಅಧ್ಯಕ್ಷನಾಗಿದ್ದ, ಎರಡು ಟ್ರ್ಯಾಕ್ಟರ್ ಇರುವ ಒಬ್ಬ ರೈತ ಎಂದು ಬರೆದರೆ ಓದಿದವರು ಅವನ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ. ಗುರುತು ಹಿಡಿಯುವ ವಿವರ ತೆಗೆದು, ವಾದ ಕೆಡದಂತೆ ಬರೆಯಬೇಕು. ತೆಗೆಯಲಾಗದಿದ್ದರೆ ಆ ಸಂಗತಿಯನ್ನೇ ಬಿಡಬೇಕು, ಎಷ್ಟೇ ಒಳ್ಳೆಯ ಸಾಕ್ಷ್ಯವಾಗಿದ್ದರೂ.

ಮೇಷ್ಟ್ರು: ಸರಿ. ಈಗ ನನ್ನ ಹಳೆಯ ಸಿಟ್ಟು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಹೆಸರಿಸಿದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಮಂಡ್ಯದವರ ಬದುಕು ಮ್ಯಾಂಚೆಸ್ಟರಿನಲ್ಲಿ ಅಚ್ಚಾಯಿತು. ಊರಿನವರು ಹಾಲು ಕೊಟ್ಟರು, ಜಾಗ ಕೊಟ್ಟರು, ತಮ್ಮ ಮನೆಯ ಗುಟ್ಟು ಕೊಟ್ಟರು. ಅವರಿಗೆ ಏನು ಸಿಕ್ಕಿತು? ನೀನೂ ಪದವಿ ತೆಗೆದುಕೊಂಡು ಎಲ್ಲೋ ಕೆಲಸಕ್ಕೆ ಸೇರುತ್ತೀಯ. ಊರು ಹಾಗೇ ಇರುತ್ತದೆ.

ವಿದ್ಯಾರ್ಥಿನಿ: ನಿಮ್ಮ ಸಿಟ್ಟು ನ್ಯಾಯವಾದದ್ದು. ಅದಕ್ಕೆ ನನ್ನ ಹತ್ತಿರ ಇರುವುದು ಒಂದೇ ಉತ್ತರ: ಕನ್ನಡದಲ್ಲಿ ಬರೆದು, ಅಚ್ಚಿಗೆ ಹೋಗುವ ಮೊದಲು ಆ ಊರಲ್ಲೇ ಓದುತ್ತೇನೆ. ಒಮ್ಮೆ ಗ್ರಾಮಸಭೆಯಲ್ಲಿ, ಒಮ್ಮೆ ಹೆಂಗಸರ ಸಂಘದ ಸಭೆಯಲ್ಲಿ ಬೇರೆಯಾಗಿ, ಯಾಕೆಂದರೆ ಗ್ರಾಮಸಭೆಯಲ್ಲಿ ಅವರು ಬಾಯಿ ಬಿಡುವುದು ಕಡಿಮೆ. ಹೀಗಲ್ಲ ಎಂದು ಅವರು ಹೇಳಿದ್ದನ್ನೂ ಪುಸ್ತಕದಲ್ಲಿ ಸೇರಿಸುತ್ತೇನೆ. ಅವರು ಹೇಳಿದಂತೆ ತಿದ್ದಿಬಿಡುವುದು ಬೇರೆ, ಅವರ ಆಕ್ಷೇಪವನ್ನು ಪಕ್ಕದಲ್ಲಿ ಇಡುವುದು ಬೇರೆ. ನಾನು ಎರಡನೆಯದನ್ನು ಮಾಡುತ್ತೇನೆ. ಪಟೇಲರ ಮನೆಯವರು ಒಪ್ಪಲಿಲ್ಲವೆಂದು ಕೇರಿಯವರು ಹೇಳಿದ್ದನ್ನು ಅಳಿಸಲಾಗದು.

ಮೇಷ್ಟ್ರು: ಅಷ್ಟು ಮಾಡಿದರೆ ನಾನೇ ಬಂದು ಕೂರುತ್ತೇನೆ. ಆದರೆ ಈಗಲೇ ಹೊರಡಬೇಕೆಂಬ ಅವಸರ ಯಾಕೆ? ಒಂದೆರಡು ವರ್ಷ ಓದಿಕೊಂಡು ಹೋಗಬಹುದಲ್ಲ.

ವಿದ್ಯಾರ್ಥಿನಿ: ಜಗಳೂರು ಕಾಯುವುದಿಲ್ಲ ಸರ್. ಹರಿಹರದ ಹತ್ತಿರದ ದೀಟೂರಿನಿಂದ ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆ ತುಂಬಿಸುವ ಯೋಜನೆ ಇದೆ. ಅದರ ಜೊತೆಗೆ ಭದ್ರಾ ಮೇಲ್ದಂಡೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಯ ನೆರವು ಘೋಷಿಸಿದ್ದರು. ತಲೆಮಾರುಗಳಿಂದ ಮಳೆ ನಂಬಿದ ನೆಲಕ್ಕೆ ನೀರು ಬರುವ ಕಾಲ ಇದು. ಕೆರೆ ತುಂಬಿದ ಊರಿನ ಕೊಳವೆಬಾವಿಯಲ್ಲಿ ನೀರು ಏರುತ್ತದೆ, ಆಮೇಲೆ ಯಾರಾದರೂ ಅಡಿಕೆ ಸಸಿ ತರುತ್ತಾರೆ. ಗುಳೆ ಹೋದವರು ಹಿಂದಕ್ಕೆ ಬರುತ್ತಾರೆಯೇ? ಕೆರೆಯ ನೀರು ಮೊದಲು ಯಾರ ಹೊಲಕ್ಕೆ ಸಿಗುತ್ತದೆ? ಜಮೀನು ಕೈ ಬದಲಾಗುತ್ತದೆಯೇ, ಯಾರಿಂದ ಯಾರಿಗೆ? ತುಂಡು ಹೊಲ ಇರುವವನು ಇಟ್ಟುಕೊಳ್ಳುತ್ತಾನೋ ಮಾರುತ್ತಾನೋ? ಇವನ್ನೆಲ್ಲ ಹತ್ತು ವರ್ಷ ಬಿಟ್ಟು ಕೇಳಿದರೆ ಮೊದಲು ಹೇಗಿತ್ತು ಎಂದು ಹೇಳುವವರ ನೆನಪು ಬಿಟ್ಟು ಬೇರೆ ಆಧಾರ ಇರುವುದಿಲ್ಲ. ಎಪ್‌ಸ್ಟೈನ್ ಮಂಡ್ಯಕ್ಕೆ ಬರುವ ಹೊತ್ತಿಗೆ ನಾಲೆ ಹರಿದು ಎಷ್ಟೋ ವರ್ಷವಾಗಿತ್ತು. ನೀರು ಬರುವ ಮುಂಚಿನ ಊರನ್ನು ಅವರು ಬೇರೆಯವರ ನೆನಪಿನಿಂದ, ದಾಖಲೆಯಿಂದ ಕಟ್ಟಬೇಕಾಯಿತು. ನಮಗೆ ಮುಂಚಿನ ಊರನ್ನು ನೋಡುವ ಅವಕಾಶ ಇನ್ನೂ ಇದೆ.

ಮೇಷ್ಟ್ರು: ಹಾಗಾದರೆ ಇದು ಒಬ್ಬಳಿಂದ ಆಗುವ ಕೆಲಸವಲ್ಲ.

ವಿದ್ಯಾರ್ಥಿನಿ: ಅಲ್ಲವೇ ಅಲ್ಲ. ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಇದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಪ್ರತಿ ತಾಲ್ಲೂಕಿನಲ್ಲಿ ಪದವಿ ಕಾಲೇಜು ಇದೆ, ಸಮಾಜಶಾಸ್ತ್ರ ಓದುವ ಹುಡುಗ ಹುಡುಗಿಯರು ಇದ್ದಾರೆ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸುವ ಬದಲು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಒಂದೊಂದು ಹಳ್ಳಿ ಆರಿಸಿಕೊಂಡು, ಒಂದು ಬ್ಯಾಚಿನವರು ಬರೆದದ್ದನ್ನು ಮುಂದಿನ ಬ್ಯಾಚಿನವರು ಅದೇ ಊರಿಗೆ ಹೋಗಿ ನೋಡುತ್ತಾ ಬಂದರೆ ಹತ್ತು ವರ್ಷದಲ್ಲಿ ಯಾವ ಆಯೋಗದ ಬಳಿಯೂ ಇರದ ದಾಖಲೆ ಆಗುತ್ತದೆ. ಖರ್ಚು ಬಸ್ಸಿನದ್ದು, ನೋಟ್‌ಬುಕ್ಕಿನದ್ದು.

ಮೇಷ್ಟ್ರು: ನಾನು ನಮ್ಮ ಶಾಲೆಯಲ್ಲಿ ಹೇಳುತ್ತೇನೆ. ಮಕ್ಕಳು ತಮ್ಮ ಓಣಿಯ ನಕ್ಷೆ ಬರೆದು ತರಲಿ, ಯಾವ ಬಾವಿ ಯಾವ ವರ್ಷ ಬತ್ತಿತು, ಯಾವ ಗದ್ದೆ ಯಾವಾಗ ತೋಟವಾಯಿತು ಅಂತ ಅಜ್ಜಿಯನ್ನು ಕೇಳಿ ಬರೆಯಲಿ. ನಿನಗೂ ಉಪಯೋಗ, ಅವರಿಗೂ ಪಾಠ. ಊರಿನವರಿಗೂ ನನ್ನದೊಂದು ಮಾತಿದೆ, ಇದನ್ನು ಓದುವವರೂ ಕೇಳಿಸಿಕೊಳ್ಳಲಿ: ನಿಮ್ಮ ಊರಿಗೆ ನೋಟ್‌ಬುಕ್ ಹಿಡಿದು ಯಾರಾದರೂ ಬಂದರೆ ಜಗಲಿಯ ಮೇಲೆ ಜಾಗ ಕೊಡಿ, ಯಾಕೆ ಬಂದಿರಿ ಎಂದು ಧಾರಾಳವಾಗಿ ಕೇಳಿ, ಬರೆದದ್ದನ್ನು ಕನ್ನಡದಲ್ಲಿ ತಂದು ನಮ್ಮೆದುರು ಓದುತ್ತೀರಾ ಎಂದೂ ಕೇಳಿ. ಹೂಂ ಎಂದವರಿಗೆ ಮನೆಯ ಮಾತು ಹೇಳಿ.